ಕ್ಲಾಸಲ್ಲಿ ತೂಕಡಿಸಿದ್ರೆ ‘ಸೋಮಾರಿ’ ಅಂದುಬಿಡ್ತೀವಿ (ಲಸಿಕೆ ಸರಣಿ, ಭಾಗ 4)

2009ರ ಎಚ್1ಎನ್1 ಜ್ವರ ಬಂದಾಗ ನಮ್ಮಲ್ಲಿ ಕೆಲವರು ಅಂಗನವಾಡೀಲಿ, ಕೆಲವರು ಹುಟ್ಟೇ ಇರಲಿಲ್ಲ. ಆ ಅಕ್ಟೋಬರ್‌ನಲ್ಲಿ ಸ್ವೀಡನ್, ಫಿನ್ಲೆಂಡ್‌ಗಳಲ್ಲಿ ಪ್ಯಾಂಡೆಮ್ರಿಕ್ಸ್ ಅನ್ನೋ ಫ್ಲೂ ಲಸಿಕೆ ಹಾಕೋಕೆ ಶುರು ಮಾಡಿದ್ರು. ಕೆಲವು ತಿಂಗಳಾದ ಮೇಲೆ ಅಲ್ಲಿನ ಕೆಲವು ಮಕ್ಕಳಿಗೆ ವಿಚಿತ್ರ ತೊಂದರೆ. ಹಗಲಲ್ಲೇ ತಡೆಯಲಾರದ ನಿದ್ದೆ. ಜೋರಾಗಿ ನಕ್ಕರೆ ಮೊಣಕಾಲು ಕುಸಿಯೋದು. ಇದಕ್ಕೆ ನಾರ್ಕೊಲೆಪ್ಸಿ ಅಂತಾರೆ.

ಈಗ ಹೇಳಿ, ಹದಿನೈದರ ಹುಡುಗ ಕ್ಲಾಸಲ್ಲಿ ತೂಕಡಿಸಿದ್ರೆ ನಾವೇನಂತೀವಿ? "ರಾತ್ರಿಯೆಲ್ಲಾ ಮೊಬೈಲ್ ನೋಡಿರ್ತಾನೆ ಬಿಡು." ಮೂರು ತಿಂಗಳ ಹಿಂದಿನ ಇಂಜೆಕ್ಷನ್ ಯಾರಿಗೆ ನೆನಪಾಗುತ್ತೆ? ಫಾರ್ಮ್ ಸಿಗದಿರೋದಕ್ಕಿಂತ ದೊಡ್ಡ ಅಡ್ಡಿ ಇದೇ ಅಂತ ನನಗನ್ಸುತ್ತೆ.

ಆದರೂ ಕೆಲವು ವೈದ್ಯರು ತಮ್ಮ ಅನುಮಾನ ಬರೆದು ಕಳಿಸಿದ್ರು. 2010ರ ಆಗಸ್ಟ್‌ನಲ್ಲಿ ಸ್ವೀಡನ್ ಪರಿಶೀಲನೆ ಶುರು ಮಾಡ್ತು, ಅದೇ ತಿಂಗಳು ಫಿನ್ಲೆಂಡ್ ಆ ಲಸಿಕೆ ನಿಲ್ಲಿಸ್ತು. 2011ರ ಜುಲೈನಲ್ಲಿ ಯುರೋಪಿನ ಔಷಧ ಸಂಸ್ಥೆಯೂ 20 ವರ್ಷದೊಳಗಿನವರಿಗೆ ಅದರ ಬಳಕೆ ಮಿತಿಗೊಳಿಸಲು ಹೇಳಿತು. ಫಿನ್ಲೆಂಡಿನ ಲೆಕ್ಕದ ಪ್ರಕಾರ, ಲಸಿಕೆ ಪಡೆದ 4ರಿಂದ 19 ವರ್ಷದವರಲ್ಲಿ ಸುಮಾರು 16,000ಕ್ಕೆ ಒಬ್ಬರಿಗೆ ಹೀಗಾಯ್ತು. ಕೆಲವೇ ಸಾವಿರ ಜನರ ಮೇಲೆ ನಡೆಯೋ ಪ್ರಯೋಗದಲ್ಲಿ ಇಷ್ಟು ಅಪರೂಪದ್ದು ಸಿಕ್ಕಿಬೀಳೋದು ಕಷ್ಟ. ಊರೆಲ್ಲಾ ತಗೊಂಡ ಮೇಲೆ, ಯಾರಾದ್ರೂ ಬಾಯಿಬಿಟ್ಟರೆ ಗೊತ್ತಾಗೋದು.

(ಆ ಲಸಿಕೆ ಈಗ ಬಳಕೆಯಲ್ಲಿಲ್ಲ. ದಯವಿಟ್ಟು ಇಷ್ಟನ್ನೇ ಸ್ಕ್ರೀನ್‌ಶಾಟ್ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಬೇಡಿ!)

ನಮ್ಮಲ್ಲಿ? ಫ್ಲೂ ಜೋರಾದಾಗ ಕ್ಲಿನಿಕ್ ಮುಂದೆ ಸಾಲು, ಡಾಕ್ಟರಿಗೆ ತಲೆ ಎತ್ತೋಕೂ ಪುರುಸೊತ್ತಿಲ್ಲ. ಸೂಜಿ ಚುಚ್ಚಿದ ಸಿಸ್ಟರ್‌ಗೆ "ನನ್ನ ಮೇಲೇ ಬಂದ್ರೆ?" ಅನ್ನೋ ಭಯ. ನಮಗೋ, ಏನಾದ್ರೂ ಹೇಳಿದ್ರೆ ಲಸಿಕೆ ವಿರೋಧಿ ಅನ್ನೋ ಹಣೆಪಟ್ಟಿ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತೆ. "ಹೇಳಬೇಡ, ಜನ ಹೆದರ್ತಾರೆ" ಅಂತ ಬಾಯಿ ಮುಚ್ಚಿಸಿದ್ರೆ ಆ ಮಾತು ಎಲ್ಲಿಗೂ ಹೋಗಲ್ಲ ಅಂದ್ಕೊಂಡ್ರಾ? ನೇರ ವಾಟ್ಸಾಪಿಗೆ ಹೋಗುತ್ತೆ. ಅಲ್ಲಿ ಒಂದು ಮೈಕೈ ನೋವು ನೂರು ಸಾವಾಗುತ್ತೆ.

ವರದಿ ಮಾಡೋಕೆ ಪುರಾವೆ ಬೇಡ, ಅನುಮಾನ ಸಾಕು. ಲಸಿಕೆಯೇ ಕಾರಣವೋ ಅಲ್ವೋ ಅಂತ ನೋಡೋದು ಅವರ ಕೆಲಸ. ಭಾರತದಲ್ಲಿ 2010ರಿಂದ ಔಷಧ ಜಾಗೃತಿ ಕಾರ್ಯಕ್ರಮ ಇದೆ. ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ ಅದನ್ನ ನಡೆಸುತ್ತೆ. ರೋಗಿ ಅಥವಾ ಮನೆಯವರೇ ತುಂಬಬಹುದಾದ ಫಾರ್ಮ್ ಕನ್ನಡದಲ್ಲೂ ಇದೆ. ಉಚಿತ ಸಹಾಯವಾಣಿ: 1800-180-3024. ಈ ನಂಬರ್ ಎಷ್ಟು ಕ್ಲಿನಿಕ್ ಗೋಡೆ ಮೇಲೆ ನೋಡಿದ್ದೀರಿ?

ಇನ್ನೊಂದು ಮಾತು. ಇಲ್ಲಿ ಫ್ಲೂ ಲಸಿಕೆಯನ್ನ ಹೆಚ್ಚಾಗಿ ದುಡ್ಡು ಕೊಟ್ಟು ಪ್ರೈವೇಟಲ್ಲಿ ಹಾಕಿಸ್ಕೋತೀವಿ, ಚೀಟಿ ಎಲ್ಲೋ ಕಳೆದುಹೋಗುತ್ತೆ. ಆಮೇಲೆ "ಯಾವ ಕಂಪನಿ, ಯಾವ ಬ್ಯಾಚ್?" ಅಂದ್ರೆ ಬ್ಬೆಬ್ಬೆಬ್ಬೆ. ಊಟದ ತಟ್ಟೆಗೆ ಹತ್ತು ಫೋಟೊ ತೆಗೀತೀವಲ್ಲ, ಆ ಪುಟ್ಟ ಬಾಟಲಿಯ ಲೇಬಲ್‌ಗೂ ಒಂದು ತೆಗೆದಿಟ್ಕೊಳ್ಳಿ. ಸಿಸ್ಟರ್‌ನ ಕೇಳಿದ್ರೆ ತೋರಿಸ್ತಾರೆ.

#ಲಸಿಕೆ #ಫ್ಲೂ #ಕನ್ನಡದಲ್ಲಿಆರೋಗ್ಯ