ಬೇಗ ನೆರೆದ ಮಗಳು: ಅಪ್ಪನನ್ನೂ ಕೇಳಿ

ಮೂರನೇ ತರಗತಿಯ ಹುಡುಗಿ ದೊಡ್ಡಾಕಿ ಆದಳೆಂದರೆ ನವಲಗುಂದ, ಅಣ್ಣಿಗೇರಿ ಕಡೆ ಮೊದಲ ಆರೋಪಿ ಬ್ರಾಯ್ಲರ್ ಕೋಳಿ, ಎರಡನೆಯದು ಮೊಬೈಲು, ಮೂರನೆಯವಳು ಹೆತ್ತವ್ವ. ‘ನೀ ಎಷ್ಟನೇ ವರ್ಷಕ್ಕ ದೊಡ್ಡಾಕಿ ಆಗಿದ್ದಿ?’ ಎಂದು ಅತ್ತೆ ಕೇಳುತ್ತಾಳೆ. ಅದನ್ನೇ ಮರ್ಯಾದೆ ಹಚ್ಚಿ ಡಾಕ್ಟರೂ ಕೇಳುತ್ತಾರೆ. ಪಕ್ಕದಲ್ಲೇ ನಿಂತ ಅಪ್ಪನನ್ನು ಯಾರೂ ಮಾತಾಡಿಸುವುದಿಲ್ಲ.

ಕೋಳಿಯನ್ನು ಬಿಟ್ಟುಬಿಡೋಣ. ಬ್ರಾಯ್ಲರ್ ಬೇಗ ಬೆಳೆಯುವುದು ತಳಿ ಆಯ್ಕೆಯಿಂದ, ಹಾರ್ಮೋನ್ ಇಂಜೆಕ್ಷನ್ನಿನಿಂದಲ್ಲ. ಮೊಟ್ಟೆಯನ್ನೂ ಒಳಗೆ ಬಿಡದ ಮನೆಗಳ ಹುಡುಗಿಯರೂ ಬೇಗ ನೆರೆಯುತ್ತಾರೆ. ಅಪ್ಪನ ವಿಷಯ ಮಾತ್ರ ಹಾಗೆ ಬಿಡುವಂಥದ್ದಲ್ಲ.

ಎಂಟು ತುಂಬುವ ಮೊದಲೇ ಎದೆ ಬೆಳೆಯತೊಡಗಿದರೆ ವೈದ್ಯರು ಅದನ್ನು ಅಕಾಲಿಕ ಎನ್ನುತ್ತಾರೆ. ಮಿದುಳಿನ ಹೈಪೋಥಲಮಸ್‌ನಿಂದ ಹೊರಡುವ ಸಂದೇಶವೇ ಇದಕ್ಕೆಲ್ಲ ಚಾಲನೆ. ಬಾಲ್ಯದುದ್ದಕ್ಕೂ ಆ ಸಂದೇಶವನ್ನು ತಡೆದಿಡುವ ವಂಶವಾಹಿಗಳಲ್ಲಿ ಎಂಕೆಆರ್‌ಎನ್3 ಒಂದು. ಮಲಪ್ರಭಾ ಕಾಲುವೆಯ ಗೇಟಿನಂತೆ ಅದು ಪಾಳಿ ಬರುವವರೆಗೆ ಮುಚ್ಚಿರಬೇಕು. ಅಕಾಲಿಕವಾಗಿ ನೆರೆದವರಿದ್ದ 15 ಕುಟುಂಬಗಳನ್ನು ಪರೀಕ್ಷಿಸಿದ ಸಂಶೋಧಕರು 2013ರಲ್ಲಿ 5 ಕುಟುಂಬಗಳಲ್ಲಿ ಈ ವಂಶವಾಹಿಯ ದೋಷ ಕಂಡರು. ಇದರ ಸ್ವಭಾವ ವಿಚಿತ್ರ. ಅವ್ವನಿಂದ ಬಂದ ವಂಶವಾಹಿಯ ಪ್ರತಿಯು ಮಗುವಿನಲ್ಲಿ ಸುಮ್ಮನೆ ಕೂತಿರುತ್ತದೆ. ದುಡಿಯುವುದು ಅಪ್ಪನಿಂದ ಬಂದದ್ದು ಮಾತ್ರ. ಅದು ಕೆಟ್ಟಿದ್ದರೆ ಗೇಟು ಬೇಗ ತೆರೆಯುತ್ತದೆ. 2017ರಲ್ಲಿ ಬೆಳಕಿಗೆ ಬಂದ ಡಿಎಲ್‌ಕೆ1 ಕೂಡ ಇದೇ ಬಗೆಯದು.

ಅಪ್ಪನಿಗೆ ಆ ದೋಷ ತನ್ನ ತಾಯಿಯಿಂದ ಬಂದಿದ್ದರೆ ಅವನಲ್ಲಿ ಏನೂ ಕಾಣುವುದಿಲ್ಲ, ಮಗಳಲ್ಲಿ ಕಾಣುತ್ತದೆ. ತಂದೆಯಿಂದ ಬಂದಿದ್ದರೆ ಅವನಿಗೂ ಬೇಗ ದನಿ ಒಡೆದಿರಬಹುದು, ಮೀಸೆ ಮೂಡಿರಬಹುದು. ಗಂಡುಹುಡುಗರ ವಿಷಯದಲ್ಲಿ ಅದನ್ನು ಲೆಕ್ಕ ಇಟ್ಟವರಾರು? ಹಾಗಾಗಿ ಅಪ್ಪನನ್ನು, ಅವನ ತಾಯಿಯನ್ನು, ಅಕ್ಕತಂಗಿಯರನ್ನು ಕೇಳದೆ ಬರೆದುಕೊಂಡ ಮನೆತನದ ಚರಿತ್ರೆ ಅರ್ಧ ಖಾಲಿ. ಸೋದರಮಾವನಿಗೇ ಕೊಟ್ಟ ಮನೆಗಳಲ್ಲಂತೂ ಅವ್ವನ ಅಜ್ಜಿಯೇ ಅಪ್ಪನ ತಾಯಿ. ಆ ಮುದುಕಿಯೊಬ್ಬಳನ್ನು ಕೂರಿಸಿ ಕೇಳಿದರೆ ಎರಡೂ ಕಡೆಯ ಸುದ್ದಿ ಸಿಗುತ್ತದೆ.

ರಕ್ತಸಂಬಂಧದ ಮದುವೆಯೇ ಇದಕ್ಕೆ ಕಾರಣವೆಂದು ಓದಿದವರು ತೀರ್ಪು ಕೊಡುವುದುಂಟು. ಎಂಕೆಆರ್‌ಎನ್3ಗೆ ಆ ಮಾತು ಹೊಂದದು. ಅಪ್ಪನ ಒಂದು ಪ್ರತಿ ಕೆಟ್ಟರೆ ಸಾಕು. ಹೊಂದುವುದು ಅಡ್ರಿನಲ್ ಗ್ರಂಥಿಯ ಹುಟ್ಟುದೋಷಕ್ಕೆ. ಅದಕ್ಕೆ ಎರಡೂ ಕಡೆಯ ಪ್ರತಿ ಕೆಟ್ಟಿರಬೇಕು, ನೆಂಟರ ಮದುವೆಯಲ್ಲಿ ಆ ಸಾಧ್ಯತೆ ಹೆಚ್ಚು; ಕರ್ನಾಟಕದಲ್ಲಿ ಕಾಲುಭಾಗದಷ್ಟು ಮದುವೆಗಳು ನೆಂಟರೊಳಗೇ ನಡೆಯುತ್ತವೆ. ಅಡ್ರಿನಲ್ ದೋಷವಿದ್ದ ಹುಡುಗಿಯರಲ್ಲಿ ಕೂದಲು, ಮೊಡವೆ, ದಿಢೀರ್ ಎತ್ತರ ಬೇಗ ಬರುತ್ತವೆ, ಎದೆ ಬೆಳೆಯುವುದಿಲ್ಲ. ಚಿಕಿತ್ಸೆಯೂ ಬೇರೆ. ಎರಡನ್ನೂ ಒಂದೇ ಗಂಟು ಕಟ್ಟುವುದು ತಪ್ಪು.

ಎಲ್ಲವನ್ನೂ ವಂಶವಾಹಿಯ ತಲೆಗೆ ಕಟ್ಟುವುದೂ ಸಲ್ಲದು. ನೆರೆಯುವ ವಯಸ್ಸಿನ ವ್ಯತ್ಯಾಸದಲ್ಲಿ ಅರ್ಧದಷ್ಟಾದರೂ ಪಾಲು ಅವುಗಳದು ಎಂದು ಅವಳಿಗಳ ಅಧ್ಯಯನಗಳು ಹೇಳುತ್ತವೆ. ಉಳಿದದ್ದು? ಭಾರತದಿಂದ ಸ್ವೀಡನ್ನಿಗೆ ದತ್ತು ಹೋದ ಹುಡುಗಿಯರು ಸರಿಸುಮಾರು 11.6ನೇ ವರ್ಷಕ್ಕೇ ಋತುಮತಿಯರಾದರೆಂದು 1991ರ ಅಧ್ಯಯನವೊಂದು ತೋರಿಸಿತು. ಅದು ಅಲ್ಲಿನವರಿಗಿಂತಲೂ ಇಲ್ಲಿನವರಿಗಿಂತಲೂ ಮೊದಲು. ವಂಶವಾಹಿ ಇಲ್ಲಿಯದೇ, ಬದಲಾದದ್ದು ಊಟ, ಜೀವನ. ಎಳವೆಯಲ್ಲಿ ಹಸಿದು ಆಮೇಲೆ ಏಕಾಏಕಿ ಮೈತುಂಬಿಕೊಂಡ ಮಕ್ಕಳ ದೇಹ ಆತುರಪಡುತ್ತದೆ. ಕಲಘಟಗಿ, ಕುಂದಗೋಳದ ಅಂಗನವಾಡಿಗಳೂ ಇದನ್ನು ಗಮನದಲ್ಲಿಡಬೇಕು.

ಸರ್ಕಾರದ ಹದಿಹರೆಯ ಶುರುವಾಗುವುದೇ ಹತ್ತಕ್ಕೆ. ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ವ್ಯಾಪ್ತಿ 10ರಿಂದ 19 ವರ್ಷ. ಎಂಟರ ಹುಡುಗಿ ಅದರ ಹೊರಗೆ. ಮನೆಯಲ್ಲಾದರೋ ಅವಳಿಗೆ ಆರತಿ ಎತ್ತಿ, ಉಡಿ ತುಂಬಿ, ‘ಗಂಡು ನೋಡ್ರಿ’ ಎನ್ನುವ ಹಿರಿಯರು ಇನ್ನೂ ಇದ್ದಾರೆ. ಕರ್ನಾಟಕದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು. ಮೈ ನೆರೆದರೂ ಕಾನೂನಿನ ವಯಸ್ಸು ಹದಿನೆಂಟೇ.

ಸುಳಿವು ಹಿಡಿಯಲು ದೊಡ್ಡ ಯಂತ್ರ ಬೇಡ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೊಮ್ಮೆ ಸರ್ಕಾರಿ ಶಾಲೆಗೆ ಬಂದು ಎತ್ತರ, ತೂಕ ಬರೆದುಕೊಳ್ಳಬೇಕೆಂಬ ನಿಯಮವಿದೆ. ಆ ಅಂಕಿಯನ್ನು ಹೋದ ವರ್ಷದ್ದರ ಪಕ್ಕಕ್ಕಿಟ್ಟು ನೋಡಲಿ. ಆರೇಳು ವರ್ಷದವಳು ವರ್ಷಕ್ಕೆ 5–6 ಸೆಂ.ಮೀ. ಬೆಳೆಯುವುದು ಸಹಜ. 8–9 ಬೆಳೆದಿದ್ದರೆ ಹುಬ್ಬಳ್ಳಿಯ ಆಸ್ಪತ್ರೆಗೆ ಕಳಿಸಬೇಕು. ಎಡಗೈಯ ಎಕ್ಸ್‌ರೇ ಮೂಳೆಯ ವಯಸ್ಸು ಹೇಳುತ್ತದೆ. ಮೂಳೆ ಬೇಗ ಬಲಿತರೆ ಇಂದು ತರಗತಿಗೇ ಎತ್ತರದವಳು ನಾಳೆ ಗಿಡ್ಡವಾಗಿ ನಿಲ್ಲುತ್ತಾಳೆ. ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಕೊಡುವ ಲ್ಯುಪ್ರೊಲೈಡ್‌ನಂಥ ಇಂಜೆಕ್ಷನ್ ಆ ಓಟವನ್ನು ತಡೆಯುತ್ತದೆ. ವರ್ಷಗಟ್ಟಲೆ ಬೇಕಾಗುವ ಇದರ ಖರ್ಚನ್ನು ಕೂಲಿ ಮನೆತನದ ಮೇಲೆ ಹೇರದೆ ಸರ್ಕಾರವೇ ಹೊರಬೇಕು.

ಈ ಚಿಕಿತ್ಸೆ ಶುರು ಮಾಡಲು ವಂಶವಾಹಿ ಪರೀಕ್ಷೆ ಕಡ್ಡಾಯವಲ್ಲ, ಅದಕ್ಕೆಂದು ಸಾಲ ಮಾಡಬೇಕಿಲ್ಲ. ಅದರ ಉಪಯೋಗ ಬೇರೆ ಕಡೆ. ಅಪ್ಪನಲ್ಲಿ ದೋಷವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಆಗ ತಂಗಿಯನ್ನು, ತಮ್ಮನನ್ನೂ, ಐದನೇ ವರ್ಷದಿಂದಲೇ ಅಳೆಯುತ್ತ ಹೋಗಬಹುದು.