ಲಾಭ ಉಳಿಸುವ ದಂಡ ದಂಡವಲ್ಲ

ಫಾರ್ಮುಲಾ ಒನ್‌ನಲ್ಲಿ ಡಿಕ್ಕಿಯೇ ಪಟ್ಟ ತೀರ್ಮಾನಿಸಿದ ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನ್ಯಾಯದ ತಕ್ಕಡಿ ಎತ್ತ ವಾಲಿದೆ ಎಂಬುದು ತಿಳಿಯುತ್ತದೆ. 1990ರಲ್ಲಿ ಜಪಾನಿನ ಸುಜುಕಾದಲ್ಲಿ ಐರ್ಟನ್ ಸೆನ್ನಾ ಮೊದಲ ತಿರುವಿನಲ್ಲೇ ಅಲೆನ್ ಪ್ರಾಸ್ಟ್ ಕಾರಿಗೆ ಗುದ್ದಿದರು. ಇಬ್ಬರೂ ಹೊರಬಿದ್ದರು, ಪಟ್ಟ ಸೆನ್ನಾ ಪಾಲಾಯಿತು. ಬೇಕೆಂದೇ ಹಾಗೆ ಮಾಡಿದ್ದಾಗಿ ಮರುವರ್ಷ ಅವರೇ ಒಪ್ಪಿಕೊಂಡರೂ ಪಟ್ಟ ಅಲುಗಲಿಲ್ಲ. 1994ರಲ್ಲಿ ಅಡಿಲೇಡ್‌ನಲ್ಲಿ ಮೈಕೆಲ್ ಶುಮಾಕರ್ ಮತ್ತು ಡೇಮನ್ ಹಿಲ್ ಕಾರುಗಳು ಡಿಕ್ಕಿಯಾಗಿ, ಶುಮಾಕರ್ ಒಂದೇ ಅಂಕದಿಂದ ಚಾಂಪಿಯನ್ ಆದರು. ಯಾವ ಕ್ರಮವೂ ಆಗಲಿಲ್ಲ. 1997ರಲ್ಲಿ ಹೆರೆಸ್‌ನಲ್ಲಿ ಅವರು ಜಾಕ್ ವಿಲ್‌ನೆವ್ ಕಡೆಗೆ ಕಾರು ತಿರುಗಿಸಿದಾಗ ಲೆಕ್ಕ ತಪ್ಪಿತು, ಜಲ್ಲಿಯಲ್ಲಿ ಹೂತು ನಿಂತದ್ದು ಅವರದೇ ಕಾರು. ಆಗ ಮಾತ್ರ ಕ್ರೀಡೆಯ ಆಡಳಿತ ಸಂಸ್ಥೆಯಾದ ಎಫ್‌ಐಎ ಅವರ ವರ್ಷದ ಎರಡನೇ ಸ್ಥಾನವನ್ನು ಕಿತ್ತುಕೊಂಡಿತು. ಫಲ ಕೊಟ್ಟ ಡಿಕ್ಕಿಗೆ ಪಟ್ಟ, ಫಲ ಕೊಡದ್ದಕ್ಕೆ ಶಿಕ್ಷೆ.

ಇಂದಿನ ದಂಡಗಳು ಹೆಚ್ಚಾಗಿ ಸೆಕೆಂಡುಗಳ ಲೆಕ್ಕದಲ್ಲಿವೆ. ಆದರೆ ಸೆಕೆಂಡಿನ ಬೆಲೆ ಎಲ್ಲರಿಗೂ ಒಂದೇ ಅಲ್ಲ. 2021ರ ಸಿಲ್ವರ್‌ಸ್ಟೋನ್‌ ರೇಸಿನ ಮೊದಲ ಸುತ್ತಿನಲ್ಲೇ ಲೂಯಿಸ್ ಹ್ಯಾಮಿಲ್ಟನ್ ಕಾರು ತಾಗಿ ಮ್ಯಾಕ್ಸ್ ವರ್ಸ್ಟಾಪನ್ ತಡೆಗೋಡೆಗೆ ಅಪ್ಪಳಿಸಿದರು. ಹ್ಯಾಮಿಲ್ಟನ್ 10 ಸೆಕೆಂಡ್ ದಂಡ ತೆತ್ತರೂ ರೇಸ್ ಗೆದ್ದರು. ವರ್ಸ್ಟಾಪನ್‌ರ 33 ಅಂಕಗಳ ಮುನ್ನಡೆ 8ಕ್ಕೆ ಇಳಿಯಿತು. 2024ರಲ್ಲಿ ಆಸ್ಟಿನ್‌ನಲ್ಲಿ ಟ್ರ್ಯಾಕ್ ಹೊರಗಿನಿಂದ ವರ್ಸ್ಟಾಪನ್‌ರನ್ನು ಹಿಂದಿಕ್ಕಿದ ಲ್ಯಾಂಡೊ ನಾರಿಸ್‌ಗೆ ಬರೀ 5 ಸೆಕೆಂಡ್ ದಂಡ ಬಿತ್ತು. ಅಷ್ಟಕ್ಕೇ ಅವರು ಮೂರರಿಂದ ನಾಲ್ಕಕ್ಕೆ ಜಾರಿ ಪೋಡಿಯಂ ಕಳೆದುಕೊಂಡರು. ಕದ್ದ ಮಾಲನ್ನು ಕಳ್ಳನ ಕೈಯಲ್ಲೇ ಬಿಟ್ಟು ಜುಲ್ಮಾನೆ ಕಟ್ಟಿಸಿಕೊಂಡರೆ, ಕೆಲವರಿಗೆ ಆ ಜುಲ್ಮಾನೆ ವ್ಯಾಪಾರದ ಖರ್ಚಾಗುತ್ತದೆ.

ಆಸ್ಟಿನ್‌ ಪ್ರಸಂಗದಲ್ಲಿ ಇನ್ನೊಂದು ಪಾಠವಿದೆ. ತಿರುವಿನ ಒಳಮೂಲೆಯನ್ನು ಮೊದಲು ಮುಟ್ಟಿದವರಿಗೆ ಜಾಗದ ಹಕ್ಕು ಎಂಬುದು ಅಂದಿನ ಚಾಲನಾ ಮಾರ್ಗಸೂಚಿಯ ಸಾರವಾಗಿತ್ತು. ಬ್ರೇಕ್ ತಡವಾಗಿ ಒತ್ತಿದರೆ ಯಾರು ಬೇಕಾದರೂ ಆ ಮೂಲೆಯನ್ನು ಮೊದಲು ತಲುಪಬಹುದು. ಅಲ್ಲಿಂದ ಕಾರು ಟ್ರ್ಯಾಕ್‌ನಲ್ಲಿ ನಿಲ್ಲುವುದೇ ಕಷ್ಟ. ಅಂದು ವರ್ಸ್ಟಾಪನ್ ಕೂಡ ಗೆರೆ ದಾಟಿ ಹೊರಗೆ ಹೋದರು, ದಂಡ ಬಿದ್ದದ್ದು ನಾರಿಸ್‌ಗೆ. ಹಾಗಾಗಿ ಮೂಲೆಗೆ ಮೊದಲು ಬಂದರಷ್ಟೇ ಸಾಲದು, ತಿರುವನ್ನು ಟ್ರ್ಯಾಕ್‌ನೊಳಗೇ ಮುಗಿಸಿದರೆ ಮಾತ್ರ ಹಕ್ಕು ಎಂದಾಗಬೇಕು. ಅಡ್ಡದಾರಿಯಲ್ಲಿ ಪಡೆದ ಸ್ಥಾನವನ್ನು ಒಂದೆರಡು ಸುತ್ತಿನೊಳಗೆ ಮರಳಿಸುವಂತೆ ಆದೇಶವಾಗಬೇಕು. ತಪ್ಪಿನಿಂದ ಎದುರಾಳಿ ರೇಸಿನಿಂದಲೇ ಹೊರಬಿದ್ದಿದ್ದರೆ ಪಿಟ್ ಲೇನ್ ಮೂಲಕ ವೇಗಮಿತಿಯಲ್ಲಿ ಹಾದುಹೋಗುವ ದಂಡ ಕನಿಷ್ಠವಾಗಲಿ.

ಇಷ್ಟು ಬಿಗಿ ಮಾಡಿದರೆ ರೇಸ್ ಸಪ್ಪೆಯಾಗುತ್ತದೆ ಎನ್ನುವವರಿದ್ದಾರೆ. ಆದರೆ ಎದುರಾಳಿಯನ್ನು ಹೊರಗೆ ತಳ್ಳುವುದಕ್ಕೆ ಬೇಕಾದದ್ದು ಹೆಚ್ಚೆಂದರೆ ಭಂಡಧೈರ್ಯ. ಚಕ್ರಕ್ಕೆ ಚಕ್ರ ಹಚ್ಚಿ ಮೂರು ತಿರುವು ಒಟ್ಟಿಗೆ ದಾಟುವ ಕೌಶಲ ಬೇರೆಯದು, ಜನ ಟಿವಿ ಮುಂದೆ ಕೂರುವುದು ಅದಕ್ಕಾಗಿ. ಚಾಲಕನ ಮನಸ್ಸಿನಲ್ಲಿ ಏನಿತ್ತೆಂದು ತೀರ್ಪು ಕೊಡುವ ಸ್ಟೀವರ್ಡ್‌ಗಳು ಹೇಗೆ ಹೇಳಬೇಕು ಎಂಬ ಆಕ್ಷೇಪಕ್ಕೆ ಬಲವಿದೆ. ಆದರೆ ಸ್ಥಾನ ಮರಳಿಸಲು ಮನಸ್ಸನ್ನು ಓದಬೇಕಿಲ್ಲ, ಯಾರಿಗೆ ಲಾಭವಾಯಿತು ಎಂದು ನೋಡಿದರೆ ಸಾಕು. 12 ತಿಂಗಳಲ್ಲಿ 12 ದಂಡಾಂಕ ಸೇರಿದರೆ ಒಂದು ರೇಸ್ ನಿಷೇಧ ಇದ್ದೇ ಇದೆಯಲ್ಲ ಎನ್ನಬಹುದು. 2014ರಲ್ಲಿ ಬಂದ ಆ ನಿಯಮಕ್ಕೆ ಮೊದಲ ಬಾರಿ ಸಿಕ್ಕವರು 2024ರಲ್ಲಿ ಕೆವಿನ್ ಮ್ಯಾಗ್ನುಸೆನ್. ಅಂಥ ನಿಷೇಧ ಬಿದ್ದರೂ ಅನ್ಯಾಯಕ್ಕೊಳಗಾದ ಚಾಲಕನಿಗೆ ಒಂದು ಅಂಕವೂ ಮರಳುವುದಿಲ್ಲ. ನಿಯಮ ಮೊದಲು ವಿಚಾರಿಸಬೇಕಾದದ್ದು ಅವನ ನಷ್ಟವನ್ನು. ತಪ್ಪಿತಸ್ಥನ ಶಿಕ್ಷೆಯ ಮಾತು ಆಮೇಲೆ.