ಡೇಟಾಬೇಸ್ ‘ಫಂಕ್ಷನ್ ಗೊತ್ತಿಲ್ಲ’ ಎಂದರೆ ನಿಜವಾಗಿ ಕಾಣೆಯಾಗಿರುವುದು ಏನು?

ಕಚೇರಿಯೊಂದರ ಲೆಕ್ಕಪತ್ರವೆಲ್ಲ ಒಂದೇ ಮೈಕ್ರೋಸಾಫ್ಟ್ ಆಕ್ಸೆಸ್ ಫೈಲಿನಲ್ಲಿದೆ ಎಂದುಕೊಳ್ಳಿ. ನಿನ್ನೆ ಸಹೋದ್ಯೋಗಿಯೊಬ್ಬರು ಅದನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದು, ಸಣ್ಣದೊಂದು ಬದಲಾವಣೆ ಮಾಡಿ ಸೇವ್ ಮಾಡಿದರು. ಇಂದು ನಿಮ್ಮ ಹಳೆಯ ಕಂಪ್ಯೂಟರಿನಲ್ಲಿ ಎಂದಿನ ಕ್ವೆರಿ ಓಡಿಸಿದರೆ ‘ಅನ್‌ಡಿಫೈನ್ಡ್ ಫಂಕ್ಷನ್ ಲೆಫ್ಟ್ ಇನ್ ಎಕ್ಸ್‌ಪ್ರೆಶನ್’ ಎಂಬ ಸಂದೇಶ. ‘ಲೆಫ್ಟ್’ ಎಂದರೆ ಪದದ ಎಡಗಡೆಯ ಕೆಲವು ಅಕ್ಷರಗಳನ್ನು ತೆಗೆದುಕೊಡುವ ತೀರಾ ಸರಳ ಫಂಕ್ಷನ್. ಅದು ರಾತ್ರೋರಾತ್ರಿ ಎಲ್ಲಿಗೆ ಹೋಯಿತು?

ವೈರಸ್ ಬಂದಿದೆ, ಫೈಲ್ ಕೆಟ್ಟಿದೆ, ಎಲ್ಲ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಬೇಕು ಎಂಬ ಸಲಹೆಗಳು ಆಗ ಸುತ್ತಲಿಂದ ಬರುತ್ತವೆ. ಈ ಗಡಿಬಿಡಿಯಲ್ಲಿ ಒಳ್ಳೆಯ ಮಾಹಿತಿಯೇ ಅಳಿಸಿಹೋಗುವ ಅಪಾಯವಿದೆ. ಹಾಗಾಗಿ ಮೊದಲು ಫೈಲಿನ ಒಂದು ಪ್ರತಿ ತೆಗೆದಿಡೋಣ. ಆಮೇಲೆ ಕಾರಣ ಹುಡುಕೋಣ.

ಲೆಫ್ಟ್ ಎಲ್ಲಿಗೂ ಹೋಗಿಲ್ಲ. ಆಕ್ಸೆಸ್ ಬಳಸುವ ಫಂಕ್ಷನ್‌ಗಳು ಬೇರೆ ಬೇರೆ ಲೈಬ್ರರಿಗಳಲ್ಲಿರುತ್ತವೆ. ಯಾವ ಲೈಬ್ರರಿಗಳು ಬೇಕು ಎಂಬ ಪಟ್ಟಿಯನ್ನು ಫೈಲ್ ತನ್ನೊಳಗೇ ಇಟ್ಟುಕೊಂಡಿರುತ್ತದೆ. ಇದನ್ನು ‘ರೆಫರೆನ್ಸ್’ ಪಟ್ಟಿ ಎನ್ನುತ್ತಾರೆ. ಫೈಲು ಎಕ್ಸೆಲ್ ಲೈಬ್ರರಿಯನ್ನು ಬಳಸುತ್ತಿದ್ದರೆ, ಆಫೀಸ್ 2010ರಲ್ಲಿ ಅದರ ಆವೃತ್ತಿ 14, ಆಫೀಸ್ 2016ರಲ್ಲಿ 16. ಹಳೆಯದರಿಂದ ಹೊಸದಕ್ಕೆ ಹೋದಾಗ ಪಟ್ಟಿ ಸಾಮಾನ್ಯವಾಗಿ ತಾನಾಗಿಯೇ 16ಕ್ಕೆ ಏರುತ್ತದೆ. ಆದರೆ ಮರಳಿ ಬಂದಾಗ 14ಕ್ಕೆ ಇಳಿಯುವುದಿಲ್ಲ. ಹಳೆಯ ಕಂಪ್ಯೂಟರಿನಲ್ಲಿ 16 ಇಲ್ಲವಲ್ಲ, ಹಾಗಾಗಿ ಕೊಂಡಿ ಕಡಿಯುತ್ತದೆ. ಒಂದು ಕೊಂಡಿ ಕಡಿದರೆ ಉಳಿದ ಲೈಬ್ರರಿಗಳಲ್ಲಿನ ಹೆಸರುಗಳ ಹುಡುಕಾಟವೂ ಹದಗೆಡುತ್ತದೆ. ತಪ್ಪು ಎಕ್ಸೆಲ್ ಕೊಂಡಿಯದು, ಆದರೆ ಸಂದೇಶದಲ್ಲಿ ಬರುವ ಹೆಸರು ಲೆಫ್ಟ್‌ನದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ.

ಸರಿಪಡಿಸುವುದು ಕಷ್ಟವಲ್ಲ. ಆಲ್ಟ್ ಮತ್ತು ಎಫ್11 ಒಟ್ಟಿಗೆ ಒತ್ತಿ, ಟೂಲ್ಸ್ ಮೆನುವಿನಲ್ಲಿ ರೆಫರೆನ್ಸಸ್ ತೆರೆಯಿರಿ. ‘ಮಿಸ್ಸಿಂಗ್’ ಎಂದು ಶುರುವಾಗುವ ಸಾಲಿನ ಟಿಕ್ ತೆಗೆಯಿರಿ. ಆ ಲೈಬ್ರರಿ ಬೇಕೇ ಇದ್ದರೆ ನಿಮ್ಮ ಕಂಪ್ಯೂಟರಿನಲ್ಲಿರುವ ಆವೃತ್ತಿಯನ್ನು ಆರಿಸಿ. ಕೊನೆಗೆ ಡೀಬಗ್ ಮೆನುವಿನಿಂದ ಒಮ್ಮೆ ಕಂಪೈಲ್ ಮಾಡಿ.

ಪಟ್ಟಿಯಲ್ಲಿ ಮಿಸ್ಸಿಂಗ್ ಕಾಣದಿದ್ದರೆ ಇನ್ನೆರಡು ಕಡೆ ನೋಡಬೇಕು. ಅದು ನೀವೇ ಬರೆದ ಫಂಕ್ಷನ್ ಆಗಿದ್ದರೆ ಸ್ಟ್ಯಾಂಡರ್ಡ್ ಮಾಡ್ಯೂಲಿನಲ್ಲಿ ‘ಪಬ್ಲಿಕ್’ ಆಗಿರಬೇಕು. ಮಾಡ್ಯೂಲಿಗೂ ಫಂಕ್ಷನ್‌ಗೂ ಒಂದೇ ಹೆಸರು ಇರಬಾರದು. ಇನ್ನು ‘ಎನ್‌ಜಡ್’ನಂಥ ಫಂಕ್ಷನ್ ಆಕ್ಸೆಸ್‌ಗೇ ಸೇರಿದ್ದು. ಅದೇ ಕ್ವೆರಿಯನ್ನು ಹೊರಗಿನ ಬೇರೊಂದು ಪ್ರೋಗ್ರಾಂನಿಂದ ಓಡಿಸಿದರೆ ಅದು ಸಿಗುವುದಿಲ್ಲ.

ಹಾಗಾದರೆ ‘ಫಂಕ್ಷನ್ ಇಲ್ಲ’ ಎಂಬ ಮಾತು ಯಾವಾಗಲೂ ಸುಳ್ಳೇ? ಅಲ್ಲ. ಕೆಲವೊಮ್ಮೆ ಅದು ಅಕ್ಷರಶಃ ನಿಜ. ಪಿಎಚ್‌ಪಿಯಲ್ಲಿ ‘ಮೈಎಸ್‌ಕ್ಯೂಎಲ್ ಕನೆಕ್ಟ್’ ಮೊದಲಾದ ಹಳೆಯ ಫಂಕ್ಷನ್‌ಗಳನ್ನು ಬಳಸಬೇಡಿ ಎಂಬ ಎಚ್ಚರಿಕೆ 2013ರ 5.5 ಆವೃತ್ತಿಯಲ್ಲೇ ಬಂದಿತ್ತು. 2015ರ ಕೊನೆಯಲ್ಲಿ ಬಂದ 7.0ರಲ್ಲಿ ಅವನ್ನು ತೆಗೆದೇ ಹಾಕಲಾಯಿತು. ಎಚ್ಚರಿಕೆ ಓದದವರ ಜಾಲತಾಣಗಳು ಅಪ್‌ಗ್ರೇಡ್ ಆದ ದಿನವೇ ನಿಂತವು. ಇಲ್ಲಿ ಕೋಡನ್ನೇ ‘ಮೈಎಸ್‌ಕ್ಯೂಎಲ್‌ಐ’ ಅಥವಾ ‘ಪಿಡಿಓ’ಗೆ ಬದಲಿಸಬೇಕು, ಬೇರೆ ದಾರಿಯಿಲ್ಲ. ಮೈಎಸ್‌ಕ್ಯೂಎಲ್ 8.0ರಲ್ಲಿ ‘ಪಾಸ್‌ವರ್ಡ್’ ಎಂಬ ಫಂಕ್ಷನ್ ಕೂಡ ಹೀಗೆಯೇ ಹೋಯಿತು.

ಮೂರನೆಯ ಬಗೆಯೂ ಇದೆ. 2008ರಲ್ಲಿ ಬಂದ ಪೋಸ್ಟ್‌ಗ್ರೆಸ್‌ಕ್ಯೂಎಲ್ 8.3, ಸಂಖ್ಯೆಯನ್ನು ತಾನಾಗಿಯೇ ಪಠ್ಯವೆಂದು ಪರಿವರ್ತಿಸುವುದನ್ನು ಬಹುತೇಕ ನಿಲ್ಲಿಸಿತು. ಅದುವರೆಗೆ ಸಂಖ್ಯೆಯ ಮೇಲೂ ನಡೆಯುತ್ತಿದ್ದ ಪಠ್ಯದ ಫಂಕ್ಷನ್ ಆಮೇಲೆ ‘ಇಲ್ಲ’ ಎನ್ನಿಸಿಕೊಂಡಿತು. ಫಂಕ್ಷನ್ ಇದೆ, ನಾವು ಕೊಟ್ಟದ್ದು ಅದಕ್ಕೆ ಒಗ್ಗುವುದಿಲ್ಲ ಅಷ್ಟೆ. ಸಂಖ್ಯೆಯನ್ನು ಪಠ್ಯವಾಗಿ ಬದಲಿಸಿ ಕೊಟ್ಟರೆ ಕೆಲಸ ಆಗುತ್ತದೆ.

ಒಂದೇ ದೂರಿಗೆ ಮೂರು ಕಾರಣಗಳು: ದಾರಿ ಕಡಿದಿರಬಹುದು, ಫಂಕ್ಷನ್ನೇ ಹೋಗಿರಬಹುದು, ಕೊಟ್ಟದ್ದು ಹೊಂದದೇ ಇರಬಹುದು. ಹುಡುಕಾಟ ಎಲ್ಲಿ ನಿಂತಿತು ಎಂಬುದನ್ನಷ್ಟೇ ಸಂದೇಶ ಹೇಳುತ್ತದೆ, ಯಾಕೆ ನಿಂತಿತು ಎಂದು ಹೇಳುವುದಿಲ್ಲ. ಆದ್ದರಿಂದ ಇಂಥ ಸಂದೇಶ ಕಂಡಾಗ ನಾವು ಮೊದಲು ಕೇಳಬೇಕಾದ ಪ್ರಶ್ನೆ ‘ಈ ಫಂಕ್ಷನ್‌ಗೆ ಏನಾಯಿತು’ ಎಂಬುದಲ್ಲ, ‘ಕೊನೆಯ ಬಾರಿ ಸರಿಯಾಗಿ ನಡೆದ ಮೇಲೆ ಏನೇನು ಬದಲಾಗಿದೆ’ ಎಂಬುದು. ಆವೃತ್ತಿಯ ಸಂಖ್ಯೆಯನ್ನು ಫೈಲಿನ ಜೊತೆಗೆ ಒಂದು ಕಡೆ ಬರೆದಿಟ್ಟುಕೊಂಡಿದ್ದರೆ, ಈ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ.